ಅಸಿಂಧು: ಒಂದು

ಪೆಟ್ಟಿಗೆಯ ಮರ ಹೊನ್ನಾವರದ್ದು.
ಹಲಗೆಯ ಅಂಚಿನಲ್ಲಿ ನಮ್ಮ ಕಡೆಯ ಡಿಪೋದ ಸುತ್ತಿಗೆ ಗುರುತು
ಇನ್ನೂ ಅಳಿಸಿರಲಿಲ್ಲ. ಬಡಗಿ ಅದರ ಪಕ್ಕಕ್ಕೇ
ಬಾಯಿ ಕೊರೆದಿದ್ದ, ಎರಡು ಬೆರಳಗಲ.
ನಮ್ಮ ಸಾಗುವಾನಿಗೆ ಮನಾಮಾದಲ್ಲಿ ಬಾಯಿ ಬಂತು.
ನನಗೆ ಬರಲಿಲ್ಲ. ನಾನು ಪುಂಡಲೀಕ ಶಾನಭಾಗ,
ಇಲ್ಲಿನವರ ನಾಲಿಗೆಗೆ ಮುನ್ಶಿ,
ತಿಂಗಳಿಗೆ ಹದಿನೆಂಟು ರೂಪಾಯಿ, ಬಾಡಿಗೆ ಕೋಣೆ.
ಮತ ಮನೆಯಿದ್ದವರಿಗೆ.

ಮನೆಯೆಂದರೆ ಕಲ್ಲಿನದು, ಕಂದಾಯ ಕಟ್ಟಿದ್ದು.
ಖರ್ಜೂರದ ಗರಿ ಹೆಣೆದ ಬರಸ್ತಿ ಗುಡಿಸಲು
ನಗರಸಭೆಯ ಕಡತದಲ್ಲಿ ಬರೇ ಬೆಂಕಿಯ ಭಯ.
ಹಾಗಾಗಿ ಊರಿನ ಅರ್ಧ ಜನ ಪಟ್ಟಿಯಲ್ಲಿರಲಿಲ್ಲ.
ಆ ಗುಡಿಸಲುಗಳ ಗಂಡಸರು ಊರಲ್ಲೂ ಇರಲಿಲ್ಲ;
ಮುತ್ತಿನ ಹಂಗಾಮು, ಕಡಲಿನಲ್ಲಿದ್ದರು,
ಮೂಗಿಗೆ ಕೊಂಬಿನ ಚಿಮಟ, ಕಾಲಿಗೆ ಕಲ್ಲು.

ಬೆಳಗಿನಿಂದ ಅದೇ ಕೆಲಸ. ಬಂದವರು ಬಗ್ಗಿ
ಕಿವಿಯಲ್ಲಿ ಹೆಸರು ಹೇಳುವರು, ನಾನು ಬರೆಯುವೆ.
ಬಲದಿಂದ ಎಡಕ್ಕೆ ಓಡುವ ಈ ಲಿಪಿ
ಕೈಗೆ ಹತ್ತಲು ಮೂರು ಮಳೆಗಾಲ ಬೇಕಾಯಿತು
(ಮಳೆಗಾಲ ಎಂದದ್ದು ಬಾಯಿಚಟ, ಇಲ್ಲಿ ಮಳೆ ಎಲ್ಲಿ?)
ಬೆವರು ಮೊಣಕೈಯಿಂದಿಳಿದು ಶಾಯಿ ಹರಡಿ
ಇಬ್ಬರು ಉಮೇದುವಾರರು ಒಂದೇ ಹೆಸರಾಗುತ್ತಿದ್ದರು.

ಎದುರಿನ ಕಟ್ಟೆಯ ಮೇಲೆ ಹಾಜಿ ಸಲ್ಮೀನ್,
ಹನ್ನೊಂದು ದೋಣಿ, ಮುನ್ನೂರು ಮುಳುಗುಗಾರರ ಸಾಲದ ವಹಿ.
ಬಂದವರಿಗೆಲ್ಲ ತಾನೇ ಕಾಫಿ ಬಗ್ಗಿಸುತ್ತ
"ಬೀದಿಗೆ ದೀಪ, ಕಸಕ್ಕೆ ಜನ, ರಾತ್ರಿಗೆ ಕಾವಲು" ಎನ್ನುತ್ತಿದ್ದ.
ಬನಿಯಾ ಹೀರಜಿ ಬಟ್ಟಲು ಮುಗಿಸಿ
ನನ್ನ ಕಡೆ ಹುಬ್ಬು ಹಾರಿಸಿದ: ಕಾಫಿ ಚೆನ್ನಾಗಿದೆ.

ಮಧ್ಯಾಹ್ನ ತಿರುಗಿದ ಮೇಲೆ ತರ್ಫಾ ಬಂದಳು.
ತಾಯಿಯಿಂದ ಬಂದ ಒಂದೂವರೆ ಕೋಣೆ ಕಲ್ಲಿನದು,
ಕಂದಾಯದ ರಸೀದಿ ಸೆರಗಿನ ತುದಿಗೆ ಗಂಟು.
ಹೆಂಗಸು ಎಂದು ಒಬ್ಬ ಗೊಣಗಿದ,
ರಸೀದಿ ಗಂಡೋ ಹೆಣ್ಣೋ ಎಂದಳು. ಜಾಗ ಬಿಟ್ಟರು.

"ಬರೆ. ಮರ್ಜೂಕ್."
ಪಟ್ಟಿ ತಿರುವಿದೆ. ಆ ಹೆಸರಿನವರು ನಿಂತಿಲ್ಲವಲ್ಲ?
"ಹೇಗೆ ನಿಲ್ಲುತ್ತಾನೆ? ಮುಳುಗಿ ಆರು ವರ್ಷ.
ಆದರೂ ಅಲ್ಲಿ ಕಾಫಿ ಹೊಯ್ಯುವವನ ವಹಿಯಲ್ಲಿ
ಅವನ ಸಾಲ ವರ್ಷಾವರ್ಷ ಬೆಳೆದೇ ಇದೆ,
ಈಗ ನನ್ನ ಮಗ ಅವನ ಹಗ್ಗ ಹಿಡಿದಿದ್ದಾನೆ.
ಸತ್ತವನು ಸಾಲ ಹೊರಬಹುದಾದರೆ
ಸಭೆಯಲ್ಲಿ ಕೂರಲು ಏನು ಅಡ್ಡಿ? ಬರೆ."

ಲೇಖನಿ ಅದ್ದಿದೆ. ತೆಗೆದೆ. ಮತ್ತೆ ಅದ್ದಿದೆ.
ನನ್ನ ಕೆಲಸ ಹೇಳಿದ್ದನ್ನು ಬರೆಯುವುದು.
ಬರೆದೆ.

ಎಣಿಕೆ ಮುಗಿಯುವಾಗ ಇಷಾ ನಮಾಜಿನ ಕರೆ ಕೇಳಿತು.
ಹಾಜಿ ಗೆದ್ದಿದ್ದ. ಕೊನೆಯ ಸಾಲಿನಲ್ಲಿ ನಾನು
ಅಸಿಂಧು: ಒಂದು ಎಂದು ಬರೆದು ಗೆರೆ ಎಳೆದೆ.
ಅದನ್ನು ನೋಡಬೇಕೆಂದ. ನೋಡಿದ. ನಾಲ್ಕಾಗಿ ಮಡಚಿದ.
"ಯಾರದು ಇದು?"
ನೂರಾ ಅರವತ್ತು ಚೀಟಿಗಳೂ ನನ್ನದೇ ಕೈಬರಹ.
"ಗೊತ್ತಿಲ್ಲ," ಎಂದೆ. ಅರಬಿಯಲ್ಲಿ ನನ್ನ ಮೊದಲ ಸುಳ್ಳು,
ವ್ಯಾಕರಣ ಮಾತ್ರ ಸರಿಯಾಗಿತ್ತು.

ಊರಿಗೆ ಬರೆದ ಕಾಗದದಲ್ಲಿ ಅಕ್ಕಿಯ ದರ ಇತ್ತು,
ಹುಣ್ಣಾದ ಬೆರಳು ಇತ್ತು, ಇದು ಇರಲಿಲ್ಲ.

ಹಂಗಾಮು ಮುಗಿದು ದೋಣಿಗಳು ಬಂದ ವಾರ
ಮೀನುಪೇಟೆಯಲ್ಲಿ ಸಿಕ್ಕ ಒಬ್ಬ, ಮುಳುಗಿ ಮುಳುಗಿ
ಎರಡೂ ಕಿವಿ ಹೋದವನು, ಉಪ್ಪಿಗೆ ಬಿರಿದ ತುಟಿ.
"ಬೇಸಿಗೆಯಲ್ಲಿ ಏನೋ ಆಯಿತಂತೆ, ಮುನ್ಶಿ?"
ಚುನಾವಣೆ ಆಯಿತು ಎಂದೆ. "ಯಾರು ನಿಂತಿದ್ದರು?"
ಹೆಸರು ಹೇಳುತ್ತ ಹೋದೆ, ಕೊನೆಗೆ ತಡೆಯಲಾರದೆ
ಅದನ್ನೂ ಸೇರಿಸಿದೆ, ಮೆಲ್ಲಗೆ.
ಅವನು ಅಂಗೈಯನ್ನು ಕಿವಿಗೆ ಬಟ್ಟಲು ಮಾಡಿ
"ಕೇಳಲಿಲ್ಲ, ಗಟ್ಟಿಯಾಗಿ ಹೇಳು," ಎಂದ.

ಹಿಂದೆ ಹಾಜಿಯ ಅಂಗಡಿ, ಬಾಗಿಲು ತೆರೆದಿತ್ತು.

ಹೇಳಿದೆ.
"ಇನ್ನೂ ಗಟ್ಟಿ!"